ಸುಲ್ತಾನನ ಎಡ ಹೆಗಲು

ಕಾಂತಾ ಬೆರಳಿಟ್ಟ ಜಾಗದಲ್ಲಿ ಮಾಂಸ ಇರಲಿಲ್ಲ.

ಕುದುರೆಯ ಎಡ ಹೆಗಲಿನ ಚರ್ಮದ ಕೆಳಗೆ ನೇರವಾಗಿ ಎಲುಬೇ ಸಿಕ್ಕಿತು. ಅಗಲವಾದ ಹೆಗಲೆಲುಬಿನ ನಡುವೆ ಮೇಲಿನಿಂದ ಕೆಳಕ್ಕೆ ಇಳಿಯುವ ಏಣು ಎದ್ದು ನಿಂತಿತ್ತು. ಅದರ ಮುಂದೊಂದು ತಗ್ಗು, ಹಿಂದೊಂದು ತಗ್ಗು. ಎರಡರಲ್ಲೂ ಅವಳ ನಾಲ್ಕು ಬೆರಳು ಸಲೀಸಾಗಿ ಕೂತವು.

"ತಸ್ಲೀಮಾ, ಹಗ್ಗ ಸಡ್ಲ ಬಿಡವಾ. ಒಂದ ನಾಕ ಹೆಜ್ಜಿ ನಡಸು."

ತಸ್ಲೀಮಾ ಕುದುರೆಯನ್ನು ತಬೇಲಾದಿಂದ ಅಂಗಳಕ್ಕೆ ಕರೆತಂದಳು. ಸುಲ್ತಾನ ಬಲಗಾಲು ಇಟ್ಟಾಗ ಎಲ್ಲ ಸರಿಯಾಗಿತ್ತು. ಎಡಗಾಲಿನ ಮೇಲೆ ಭಾರ ಬಿದ್ದ ಕ್ಷಣ ಹೆಗಲಿನ ಕೀಲು ಪಟ್ಟನೆ ಹೊರಗೆ ಜಾರಿ, ಕಾಲೆತ್ತಿದಾಗ ಮತ್ತೆ ಒಳಗೆ ಹೋಯಿತು. ಮುಂದಿನ ಹೆಜ್ಜೆಗೂ ಹಾಗೇ. ಅದರ ಮುಂದಿನದಕ್ಕೂ.

ನಾಲ್ಕು ತಿಂಗಳ ಹಿಂದೆ ಖಾನಾಪುರದ ನಿವೃತ್ತ ಶಿಕ್ಷಕ ಈರಯ್ಯನವರ ಮೇಲೆ ಬೇಕೆಂದೇ ಓಟದ ಶರ್ಯತ್ತಿನ ಕುದುರೆಗಾಡಿ ಹಾಯಿಸಿ ಕೊಂದನೆಂದು ತಸ್ಲೀಮಾಳ ತಂದೆ ಬಾಬಾಜಾನ ಜೈಲು ಸೇರಿದ್ದ. ಆ ಗಾಡಿಗೆ ಕಟ್ಟಿದ್ದು ಈ ಸುಲ್ತಾನನನ್ನೇ ಎಂದು ಸಹಿ ಮಾಡಿಕೊಟ್ಟ ಸರಕಾರಿ ಪಶುವೈದ್ಯೆ ಕಾಂತಾ.

"ಎಷ್ಟ ದಿನದಿಂದ ಹಿಂಗ ಐತಿ?" ಎಂದು ಕೇಳಿದಳು.

"ದೀಪಾವಳಿಯಿಂದ್ರಿ, ಡಾಕ್ಟರ್ ಬಾಯಿ. ಪಟಾಕಿ ಸಪ್ಪಳಕ್ಕ ಬೆದರಿ ಬಾಗಿಲ ಕಂಬಕ್ಕ ಬಡಕೊಂಡಿತ್ತು. ಎಂಟ ದಿನ ಊತ ಇತ್ತು. ಊತ ಇಳದ ಮ್ಯಾಲೆ ಹೆಗಲ ಒಣಗಾಕ ಹತ್ತಿತು."

"ಈ ದೀಪಾವಳಿ?"

"ಹೌದ್ರಿ. ಅದು ಆಗೂಕಿಂತ ಮುಂಚೆ."

'ಅದು' ಆದದ್ದು ಡಿಸೆಂಬರ್ ಇಪ್ಪತ್ತೆಂಟಕ್ಕೆ. ಕಾಂತಾ ಕುದುರೆಯನ್ನು ನೋಡಿದ್ದು ಮೂವತ್ತೊಂದಕ್ಕೆ, ತನ್ನ ನೌಕರಿಯ ಕೊನೆಯ ದಿನ. ಹನ್ನೊಂದು ಗಂಟೆಗೆ ಬೆಳಗಾವಿಯಲ್ಲಿ ಬೀಳ್ಕೊಡುಗೆ ಇತ್ತು. ಒಂಬತ್ತಕ್ಕೆ ಖಾನಾಪುರದ ಇದೇ ತಬೇಲಾದ ಬಾಗಿಲಲ್ಲಿ ನಿಂತಿದ್ದಾಗ ಮೊಬೈಲು ಒಂದೇ ಸಮನೆ ಬಡಿದುಕೊಳ್ಳುತ್ತಿತ್ತು. ಕುದುರೆಯ ಹೆಗಲಿಗೆ ಅರಿಶಿಣ, ಎಣ್ಣೆ ಬಳಿದಿದ್ದರು. ಅದನ್ನು ಕಂಡು ಹೊಸ ಪೆಟ್ಟು ಅಂದುಕೊಂಡಳು. ಬಾಗಿಲಿಂದಲೇ ಒಂದು ಫೋಟೋ ಹೊಡೆದಳು. ಜೀಪಿನ ಬಾನೆಟ್ಟಿನ ಮೇಲೆ ಕಾಗದ ಇಟ್ಟು ಬರೆದಳು: 'ಕೈಯಿಂದ ಮುಟ್ಟಿ ಪರೀಕ್ಷಿಸಲಾಗಿದೆ. ಗಾಯ ಮೂರು ದಿನದ ಒಳಗಿನದು.'

ಮುಟ್ಟಿರಲಿಲ್ಲ.

ಈಗ ಮೊಬೈಲು ತೆಗೆದು ಆ ಫೋಟೋ ಹುಡುಕಿದಳು. ಹಾರ, ಶಾಲು, ಹಣ್ಣಿನ ಬುಟ್ಟಿ ಹಿಡಿದು ನಿಂತ ತನ್ನ ಫೋಟೋಗಳ ಹಿಂದೆ ಅದೊಂದಿತ್ತು. ದೊಡ್ಡದು ಮಾಡಿ ನೋಡಿದಳು. ಬಾಗಿಲಿಂದ ಓರೆಯಾಗಿ ಬಿದ್ದ ಬೆಳಕಿನಲ್ಲಿ, ಅರಿಶಿಣದ ಕೆಳಗೆ ಏಣಿನ ನೆರಳು ಸ್ಪಷ್ಟವಾಗಿ ಕಾಣುತ್ತಿತ್ತು. ಪಶುವೈದ್ಯಕೀಯದ ಮೊದಲ ವರ್ಷದ ವಿದ್ಯಾರ್ಥಿಗೂ ಕಾಣುವಷ್ಟು.

ತಸ್ಲೀಮಾ ಬಗ್ಗಿ ನೋಡಿದಳು. "ಏನ್ರಿ ಅದು?"

ಕಾಂತಾ ಮೊಬೈಲು ಒಳಗಿಟ್ಟಳು. ಸುಲ್ತಾನನ ಬಲ ಹೆಗಲ ಕಡೆ ಹೋಗಿ ಹುಡುಗಿಯ ಅಂಗೈ ತೆಗೆದುಕೊಂಡು ಅಲ್ಲಿಟ್ಟಳು. ಅಲ್ಲಿ ಮಾಂಸ ತುಂಬಿ ಗಟ್ಟಿಯಾಗಿತ್ತು.

"ನಮ್ಮಂಗ ಕುದುರಿಗೆ ಕುತಗಿ ಕೆಳಗಿನ ಎಲಬು ಇರೂದಿಲ್ಲ," ಎಂದಳು. "ಮುಂಗಾಲಿಗೂ ಮೈಗೂ ಎಲಬಿನ ಜೋಡಣಿನ ಇಲ್ಲ. ಒಳಗ ಪಕ್ಕೆಲಬಿನಿಂದ ಬೀಸಣಿಕಿಯಂಗ ಹರಡಿದ ಒಂದ ದೊಡ್ಡ ಸ್ನಾಯು ಐತಿ. ಎರಡೂ ಕಾಲಿನ ನಡುವ ಮೈಯನ್ನ ತೊಟ್ಟಲದಂಗ ತೂಗಿ ಹಿಡಕೊಂಡಿರೂದು ಅದ. ಕುತಗಿಯಿಂದ ತೋಳಿಗೆ ಇಳೀತದಲ್ಲ, ಇದು, ಕಾಲನ್ನ ಮುಂದಕ್ಕ ಎಳೀತೈತಿ. ಇದು ಚಲೋ ಇದ್ರನ ಹೆಜ್ಜಿ ಉದ್ದ ಬೀಳೂದು."

"ಅಬ್ಬಾ ದಿನಾ ಅದನ್ನ ತಿಕ್ಕತಿದ್ರು," ಎಂದಳು ತಸ್ಲೀಮಾ.

"ಈಗ ಇಲ್ಲಿ ನೋಡು. ಏಣಿನ ಮುಂದೊಂದು, ಹಿಂದೊಂದು. ಈ ಎರಡೂ ಕೀಲನ್ನ ಹೊರಗಿನಿಂದ ಬಿಗದ ಹಿಡೀತಾವ. ಎರಡಕ್ಕೂ ಒಂದ ನರ. ಅದು ಹೆಗಲೆಲಬಿನ ಮುಂದಿನ ಅಂಚ ಸುತ್ತಿ ಬರ್ತದ. ಅಲ್ಲಿ ಪೆಟ್ಟ ಬಿದ್ರ ನರ ಸಾಯತೈತಿ. ನರ ಸತ್ರ ಎರಡೂ ಸ್ನಾಯು ಒಣಗತಾವ."

"ಎಷ್ಟ ದಿನಕ್ಕ ಒಣಗತಾವ್ರಿ?"

ಈ ಪ್ರಶ್ನೆಯನ್ನು ನಾಲ್ಕು ತಿಂಗಳ ಹಿಂದೆ ಯಾರೂ ಕೇಳಿರಲಿಲ್ಲ. ಕೇಳಬೇಕಾದವಳು ತಾನೇ ಆಗಿದ್ದಳು.

"ಕಣ್ಣಿಗೆ ಕಾಣಬೇಕಂದ್ರ ಎರಡ-ಮೂರು ವಾರ ಬೇಕು. ಮೂರ ದಿನದಾಗ ಒಣಗೂದಿಲ್ಲ."

ತಸ್ಲೀಮಾಳ ಕೈ ಕುದುರೆಯ ಮೇಲೇ ನಿಂತಿತು. ಅವಳಿಗೆ ಇಪ್ಪತ್ತೊಂದು ವರ್ಷ. ತಂದೆ ಒಳಗೆ ಹೋದ ಮೇಲೆ ಬಿಕಾಂ ಕೊನೆಯ ವರ್ಷ ಬಿಟ್ಟು ಕುದುರೆಗೆ ಮೇವು ಹಾಕುತ್ತ, ತಾಯಿ ಮದರಬೀಯನ್ನು ನೋಡಿಕೊಳ್ಳುತ್ತ ಇದ್ದಳು.

"ಹಂಗಾದ್ರ ಅವತ್ತ ಸುಲ್ತಾನ ಓಡೇ ಇಲ್ಲ?"

"ಈ ಹೆಗಲಿನಾಗ ಗಾಡಿ ಎಳದು ಓಡಾಕ ಆಗೂದಿಲ್ಲ. ಹತ್ತ ಹೆಜ್ಜಿಗೆ ಬೀಳತಿತ್ತು. ನೀ ಯಾಕವಾ ಇದನ್ನ ಯಾರ ಮುಂದೂ ಹೇಳಲಿಲ್ಲ?"

"ವಕೀಲರ ಮುಂದ ಹೇಳೀನ್ರಿ. ಡಾಕ್ಟರ ಕಾಗದ ಬ್ಯಾರೇನ ಹೇಳತೈತಿ ಅಂದ್ರು. ಅಬ್ಬಾನ್ನ ಕೇಳಿದ್ರ ಸುಮ್ನಿರು ಅಂದ್ರು." ತಸ್ಲೀಮಾ ತಲೆ ತಗ್ಗಿಸಿದಳು. "ನೀವು ಇಪ್ಪತ್ತ ವರ್ಷದಿಂದ ನಮ್ಮ ಕುದುರಿ ನೋಡಾಕ ಹತ್ತೀರಿ. ನಿಮಗ ಗೊತ್ತಿಲ್ಲದ್ದು ನಮಗೇನ ಗೊತ್ತು ಅಂತ ನಾನೂ ಸುಮ್ನಾದೆ."

ಆ ಮಾತಿನಲ್ಲಿ ಸಿಟ್ಟು ಇರಲಿಲ್ಲ. ಇದ್ದಿದ್ದರೆ ಕಾಂತಾಳಿಗೆ ಹಗುರವಾಗುತ್ತಿತ್ತು.

ಕೇಸು ನಿಂತದ್ದೇ ಆ ಒಂದು ಸಾಲಿನ ಮೇಲೆ. ಸುಲ್ತಾನ ಬೇರೆಯವರನ್ನು ಮೈ ಹತ್ತಿರ ಬಿಟ್ಟುಕೊಂಡರೂ, ಗಾಡಿ ಎಳೆಯುತ್ತಿದ್ದುದು ಬಾಬಾಜಾನ ಲಗಾಮು ಹಿಡಿದರೆ ಮಾತ್ರ. ಇದು ಶರ್ಯತ್ತು ನೋಡುವ ಎಲ್ಲರಿಗೂ ಗೊತ್ತು. ಸುಲ್ತಾನ ಓಡಿದ್ದ ಅಂದರೆ ಲಗಾಮು ಹಿಡಿದವನು ಬಾಬಾಜಾನನೇ. ಮನೆಯ ಮುಂದೆ ಗಾಡಿ ಓಡಿಸಬೇಡ ಎಂದು ಈರಯ್ಯ ಮಾಸ್ತರು ಅವನ ಜೊತೆ ಎರಡು ಸಲ ಜಗಳಾಡಿದ್ದನ್ನು ಊರು ನೋಡಿತ್ತು. ಅಲ್ಲಿಗೆ ಎಲ್ಲ ಸರಿಹೊಂದಿತ್ತು.

"ನಿಮ್ಮ ಹಂತ್ಯಾಕ ಇನ್ನೊಂದ ಕುದುರಿ ಇತ್ತಲ್ಲ?"

"ಮೋತಿರಿ. ಭಾಳ ಸಾಧು. ಯಾರ ಹೊಡದ್ರೂ ಹೋಗತೈತಿ. ಅವತ್ತ ಮುಂಜಾನೆನ ಅಬ್ಬಾ ಅದನ್ನ ಕಾಕತಿಗೆ ನಮ್ಮ ಮಾಮಾರ ಮನಿಗೆ ಕಳಿಸಿಬಿಟ್ರು. ಪೊಲೀಸರು ಬಂದಾಗ ತಬೇಲಾದಾಗ ಸುಲ್ತಾನ ಒಂದ ಇತ್ತು."

ಕಾಂತಾ ಕೈ ತೊಳೆದುಕೊಂಡಳು. ಎರಡು ಸಲ ತೊಳೆದುಕೊಂಡಳು.

"ಅಬ್ಬಾ ಹೊರಗ ಬರ್ತಾರೇನ್ರಿ?"

"ಬರಬೇಕು," ಎಂದಳು ಕಾಂತಾ. ಅದಕ್ಕಿಂತ ಹೆಚ್ಚು ಹೇಳುವ ಹಕ್ಕು ತನಗಿಲ್ಲ ಅನ್ನಿಸಿತು.

* * *

ಮಧ್ಯಾಹ್ನ ತಬೇಲಾದಿಂದ ಖಾನಾಪುರದ ಪೇಟೆಗೆ ನಡೆದು ಬಂದಾಗ ಏಪ್ರಿಲ್ ಬಿಸಿಲು ನೆತ್ತಿ ಸುಡುತ್ತಿತ್ತು.

"ಬಾಯಿ, ಕುಠಂ ಜಾಯಚಂ?" ಎಂದು ಆಟೋದವನು ಮರಾಠಿಯಲ್ಲಿ ಎಲ್ಲಿಗೆಂದು ಕೇಳಿದ.

"ಈರಯ್ಯ ಮಾಸ್ತರಾಂಚ್ಯಾ ಘರೀ," ಎಂದಳು ಕಾಂತಾ. ಆಟೋದವನು ಮತ್ತೇನೂ ಕೇಳಲಿಲ್ಲ. ಆ ಮನೆ ಈಗ ಎಲ್ಲರಿಗೂ ಗೊತ್ತು.

ಹಂಚಿನ ಭಟ್ಟಿ ದಾಟಿ, ಮಲಪ್ರಭೆಯ ಕಡೆ ಹೋಗುವ ಕೆಂಪು ರಸ್ತೆಯ ತಿರುವಿನಲ್ಲಿ ಮನೆ. ಮುಂದೆ ಕನಕಾಂಬರದ ಸಾಲು. ಈರಯ್ಯನವರ ಹೆಂಡತಿ ಗಂಗಾದೇವಿ ಪಡಸಾಲೆಯಲ್ಲಿ ಕೂತು ಹುಣಸೆಹಣ್ಣಿನ ಬೀಜ ತೆಗೆಯುತ್ತಿದ್ದಳು. ಕಾಂತಾಳನ್ನು ಕಂಡು ಎದ್ದಳು.

"ಬರ್ರಿ ಅಕ್ಕಾರ, ಕುಂದರ್ರಿ. ಆಕಾಶ, ನೀರ ತಗೊಂಡ ಬಾ."

ಮಗ ಆಕಾಶ ತಂಬಿಗೆ ತಂದಿಟ್ಟ. ಇಪ್ಪತ್ತನಾಲ್ಕರ ಪ್ರಾಯ, ಉದ್ಯಮಬಾಗದ ಫೌಂಡ್ರಿಯಲ್ಲಿ ಕೆಲಸ, ಅಂದು ರಜೆ. ನಮಸ್ಕಾರ ಎಂದವನು ಬಾಗಿಲಿಗೆ ಆತು ನಿಂತುಕೊಂಡ.

"ಅಪ್ಪ ಹ್ವಾದಾಗಿಂದ ಹಿಂಗ," ಎಂದಳು ಗಂಗಾದೇವಿ, ದನಿ ತಗ್ಗಿಸಿ. "ಮಾತ ಕಡಿಮಿ. ಊಟಾನೂ ಅಷ್ಟಕ್ಕಷ್ಟ."

ನಾನು ತಪ್ಪು ಬರೆದೆ ಎಂದು ಈ ಮನೆಯಲ್ಲಿ ಹೇಗೆ ಶುರು ಮಾಡುವುದು? ಗಂಡನನ್ನು ಕೊಂದವನು ಜೈಲಿನಲ್ಲಿದ್ದಾನೆ ಎಂಬುದಷ್ಟೇ ಇವಳಿಗೆ ಉಳಿದಿದ್ದ ಸಮಾಧಾನ. ಅದನ್ನೂ ಕಿತ್ತುಕೊಳ್ಳಲು ಬಂದಿದ್ದೇನೆ ಅನ್ನಿಸಿ ಕಾಂತಾ ತಂಬಿಗೆಯ ನೀರನ್ನು ಪೂರ್ತಿ ಕುಡಿದಳು.

"ಗಂಗಕ್ಕ, ಅವತ್ತ ನೀವು ಗಾಡಿ ನೋಡಿದ್ರೇನು?"

"ಸಪ್ಪಳ ಕೇಳಿ ಹೊರಗ ಬಂದೆ ಅಂತ ಆಗ ಹೇಳೀನಲ್ರಿ."

"ಕುದುರಿ? ಕುದುರಿ ಹೆಂಗ ಓಡತಿತ್ತು?"

ಗಂಗಾದೇವಿಗೆ ಪ್ರಶ್ನೆ ವಿಚಿತ್ರ ಅನ್ನಿಸಿರಬೇಕು. ಕೈಯಲ್ಲಿದ್ದ ಹುಣಸೆಹಣ್ಣು ಕೆಳಗಿಟ್ಟಳು. "ಹೆಂಗಂದ್ರ? ಕುದುರಿ ಓಡಿದಂಗ ಓಡತಿತ್ತು. ಮುಂದಿನ ಎರಡೂ ಕಾಲ ಚಾಚಿ ಚಾಚಿ ಹೊಂಟಿತ್ತು."

"ಕುಂಟತಿರಲಿಲ್ಲೇನು? ಎಡಗಾಲ ಇಟ್ಟಾಗ ಮೈ ಒಂದ ಬಾಜು ವಾಲತಿರಲಿಲ್ಲೇನು?"

"ಇಲ್ರಿ. ಒಂದ ಸಮ ಹೊಂಟಿತ್ತು."

"ಅವ್ವಾ," ಎಂದ ಆಕಾಶ, ಬಾಗಿಲಿನಿಂದ. "ಆ ಮಂಜಿನ್ಯಾಗ ನಿನಗೇನ ಕಂಡಿತ್ತು?"

ಗಂಗಾದೇವಿ ಮಗನ ಕಡೆ ನೋಡಿದಳು. ಸೆರಗಿನಿಂದ ಕೈ ಒರೆಸಿಕೊಂಡಳು.

ಕಾಂತಾ ಹೇಳಬೇಕಾದ್ದನ್ನು ಹೇಳಿದಳು. ಸುಲ್ತಾನನ ಹೆಗಲು ಎರಡು ತಿಂಗಳು ಮೊದಲೇ ಒಣಗಿತ್ತು, ತಾನು ಮುಟ್ಟದೆಯೇ ಮುಟ್ಟಿದೆ ಎಂದು ಬರೆದೆ, ಓಡಿದ್ದು ಬೇರೆ ಕುದುರೆ. ಹೇಳುವಾಗ ನೆಲ ನೋಡುತ್ತಿದ್ದಳು. ತಲೆ ಎತ್ತಿದಾಗ ಗಂಗಾದೇವಿಯ ಮುಖ ಬಿಳಿಚಿಕೊಂಡಿತ್ತು.

"ಹಂಗಾದ್ರ ಬಾಬಾಜಾನ ಅಲ್ಲ ಅಂತೀರೇನು?"

"ಸುಲ್ತಾನ ಅಲ್ಲ ಅಂತೀನಿ. ಸುಲ್ತಾನ ಅಲ್ಲಂದ್ರ ಬಾಬಾಜಾನಾನೇ ಆಗಬೇಕಂತಿಲ್ಲ. ನಾಳೆ ನಾ ಇದನ್ನ ಬರದ ಕೊಡಾಕಿ."

ಹೊರಗೆ ಬೈಕು ಶುರುವಾದ ಸಪ್ಪಳ ಕೇಳಿತು. ಆಕಾಶ ಬಾಗಿಲಲ್ಲಿ ಇರಲಿಲ್ಲ.

"ನನ್ನ ಮ್ಯಾಲೆ ನಿಮಗ ಸಿಟ್ಟ ಬಂದ್ರ ಅದು ಖರೇನ ಐತಿ, ಗಂಗಕ್ಕ."

"ಸಿಟ್ಟಿಲ್ರಿ," ಎಂದಳು ಗಂಗಾದೇವಿ. ಹುಣಸೆಹಣ್ಣಿನ ಮೊರವನ್ನು ಹತ್ತಿರ ಎಳೆದುಕೊಂಡಳು. ಬೀಜ ತೆಗೆಯಲಿಲ್ಲ, ಸುಮ್ಮನೆ ಹಿಡಿದುಕೊಂಡಳು.

* * *

ಮರುದಿನ ಹಿಂಡಲಗಾ ಜೈಲಿನ ಭೇಟಿಯ ಕೋಣೆಯಲ್ಲಿ ಜಾಲರಿಯ ಆಚೆ ಬಂದು ನಿಂತ ಬಾಬಾಜಾನನನ್ನು ಕಾಂತಾ ಒಮ್ಮೆಲೇ ಗುರುತಿಸಲಿಲ್ಲ. ಅವನ ಗಡ್ಡ ಪೂರ್ತಿ ಬೆಳ್ಳಗಾಗಿತ್ತು. ಕುದುರೆಯ ಮೈ ತಿಕ್ಕಿ ತಿಕ್ಕಿ ದಪ್ಪವಾಗಿದ್ದ ತೋಳುಗಳು ಅಂಗಿಯೊಳಗೆ ಸಡಿಲವಾಗಿದ್ದವು.

"ಸುಲ್ತಾನ ಹೆಂಗೈತ್ರಿ ಡಾಕ್ಟರ್ ಬಾಯಿ?" ಅವನ ಮೊದಲ ಮಾತು ಅದೇ.

"ನಿನ್ನೆ ನೋಡಿನಿ. ಈ ಸಲ ಕೈ ಹಚ್ಚಿ ನೋಡಿನಿ."

ಬಾಬಾಜಾನ ಅವಳ ಮುಖವನ್ನೇ ನೋಡಿದ. ಅಕ್ಕಪಕ್ಕದಲ್ಲಿ ಹತ್ತಾರು ಜನ ಜಾಲರಿಗೆ ಬಾಯಿ ಹಚ್ಚಿ ಕೂಗಿ ಮಾತಾಡುತ್ತಿದ್ದರು.

"ಗೊತ್ತಾತೇನ್ರಿ?"

"ಗೊತ್ತಾತು. ಅವತ್ತ ನನ್ನ ಕಣ್ಣ ಮುಂದನ ಇತ್ತು. ನಾ ನೋಡಲಿಲ್ಲ. ನಿನ್ನ ಮುಂದ ಹೆಂಗ ಹೇಳಬೇಕು ತಿಳೀವಲ್ದು, ಬಾಬಾಜಾನ. ನಾಕ ತಿಂಗಳ ನೀ ಇಲ್ಲಿ ಕುಂತದ್ದು ನನ್ನ ಒಂದ ಸಾಲಿಗೆ."

"ಆಗಿದ್ದ ಆತು ಬಿಡ್ರಿ."

"ಬಿಡಾಕ ಬರೂದಿಲ್ಲ. ತಪ್ಪಾಗೇತಿ ಅಂತ ಬರದೀನಿ. ಇವತ್ತ ಕೊಡತೀನಿ. ಕೋರ್ಟಿಗೂ ಬಂದ ಹೇಳತೀನಿ."

ಕೃತಜ್ಞತೆ ಬೇಕಿರಲಿಲ್ಲ ಅವಳಿಗೆ. ಬೈಯುತ್ತಾನೆ ಎಂದುಕೊಂಡಿದ್ದಳು. ಅಳಬಹುದು ಎಂದೂ ಅಂದುಕೊಂಡಿದ್ದಳು. ಬಾಬಾಜಾನ ಎರಡೂ ಕೈಯಿಂದ ಜಾಲರಿ ಹಿಡಿದುಕೊಂಡು ಮುಖ ಹತ್ತಿರ ತಂದ.

"ಕೊಡಬ್ಯಾಡ್ರಿ."

"ಏನಂದಿ?"

"ಆ ಹಳೆ ಕಾಗದ ಹಂಗ ಇರಲಿ. ನಿಮಗ ಕೈ ಮುಗೀತೀನಿ, ಡಾಕ್ಟರ್ ಬಾಯಿ. ಅದನ್ನ ಬದಲಿ ಮಾಡಬ್ಯಾಡ್ರಿ."

ಕಾಂತಾಳಿಗೆ ತಾನು ಕೇಳಿದ್ದು ಸರಿಯೋ ಎಂದು ಅನುಮಾನವಾಯಿತು. ಸುತ್ತಲಿನ ಗದ್ದಲ ಅಷ್ಟಿತ್ತು.

"ಸುಲ್ತಾನನ ಹೆಗಲ ಹೋಗಿದ್ದು ನನಗಿಂತ ಮೊದಲ ನಿನಗ ಗೊತ್ತಿತ್ತು," ಎಂದಳು. "ಅವತ್ತ ನಾ ಬಾಗಲದಾಗ ನಿಂತಾಗ ನೀನೂ ಪೊಲೀಸರ ಜೋಡಿ ಅಲ್ಲೇ ಇದ್ದಿ. ಬಾಯೀರ, ಈ ಕುದುರಿ ಎರಡ ತಿಂಗಳಿಂದ ಕುಂಟತೈತಿ ಅಂತ ಒಂದ ಮಾತ ಅಂದಿದ್ರ ನಾ ಒಳಗ ಬಂದ ಮುಟ್ಟತಿದ್ದೆ. ಯಾಕ ಅನ್ನಲಿಲ್ಲ?"

ಬಾಬಾಜಾನ ಹಿಂದೆ ನಿಂತಿದ್ದ ಪೇದೆಯ ಕಡೆ ತಿರುಗಿ ನೋಡಿದ.

"ಅರಿಶಿಣ ಯಾಕ ಬಳದಿದ್ದಿ? ಎರಡ ತಿಂಗಳ ಹಳೆ ಪೆಟ್ಟಿಗೆ ಯಾರೂ ಅರಿಶಿಣ ಹಚ್ಚೂದಿಲ್ಲ."

ಬಾಬಾಜಾನ ಕಣ್ಣು ಕೆಳಗೆ ಹಾಕಿದ.

"ನಾ ಮೋಸ ಹೋಗ್ಲಿ ಅಂತನ ಹಚ್ಚಿದಿ."

"ನಿಮಗ ಅಂತ ಅಲ್ರಿ. ಯಾವ ಡಾಕ್ಟರ ಬಂದಿದ್ರೂ ಹಚ್ಚತಿದ್ದೆ. ನೀವ ಬಂದ್ರಿ. ನೀವು ಮುಟ್ಟಿ ನೋಡಿದ್ರ ಸಿಕ್ಕಬೀಳತೀನಿ ಅಂತ ಹೆದರಿದ್ದೆ. ನೀವು ಮುಟ್ಟಲಿಲ್ಲ."

ಆ ಮಾತು ಕಾಂತಾಳ ಎದೆಗೆ ಹೋಗಿ ನಾಟಿತು. ಅವನು ಮೋಸ ಮಾಡಿದ್ದ, ಹೌದು. ಆದರೆ ಅಂಗೈ ಚಾಚಿದ್ದರೆ ಅದು ಒಂದು ನಿಮಿಷವೂ ನಿಲ್ಲುತ್ತಿರಲಿಲ್ಲ.

"ಓಡಿದ್ದು ಮೋತಿ," ಎಂದಳು.

"ಮೋತಿಗೆ ವಯಸ್ಸಾಗೇತಿ. ಕಾಕತ್ಯಾಗ ಆರಾಮ ಮೇಯತೈತಿ. ಅದನ್ನ ಬಿಡ್ರಿ."

"ಲಗಾಮ ಯಾರ ಕೈಯಾಗಿತ್ತು?"

"ಲಗಾಮ ಕೊಟ್ಟಾಂವ ನಾನು," ಎಂದ ಬಾಬಾಜಾನ. "ಅವರ ಮನ್ಯಾಗ ಬ್ಯಾಡ ಅಂದಿದ್ರು. ಹುಡುಗಗ ಗಾಡಿ ಹೊಡ್ಯಾಕ ಕಲಸಬ್ಯಾಡ ಅಂತ ನನಗ ಎರಡ ಸಲ ಬಂದು ಹೇಳಿದ್ರು. ನಾ ಕೇಳಲಿಲ್ಲ. ಕೈ ಚಲೋ ಐತಿ, ಶರ್ಯತ್ತ ಗೆಲ್ಲತಾನ ಅಂತ ಆಸಿ ಬಿತ್ತು ನನಗ. ಮುಂಜಾನಿ ಮೋತಿನ್ನ ಕಟ್ಟಿ ಕೊಟ್ಟು, ಚಾ ಕುಡ್ಯಾಕ ಕುಂತೆ. ಕೊಟ್ಟಾವನ ತಪ್ಪ ಅಲ್ಲೇನ್ರಿ ಅದು?"

"ತಪ್ಪ ಇರಬಹುದು. ಕೊಲಿ ಅಲ್ಲ."

"ಅಂವ ಓಡಿ ಬಂದು ನನ್ನ ಕಾಲ ಹಿಡಕೊಂಡ. ಹಲ್ಲ ಕಟಕಟ ಅಂತಿದ್ವು. ಆ ಮಾರಿ ನೋಡಿದ್ರ ನೀವೂ ಇದನ್ನ ಮಾಡತಿದ್ರಿ."

"ತಸ್ಲೀಮಾ ಕಾಲೇಜ ಬಿಟ್ಟಾಳ," ಎಂದಳು ಕಾಂತಾ. "ಮದರಬೀ ಹಾಸಗಿ ಹಿಡದಾಳ. ಅವರ ಮಾರಿ ನೀ ನೋಡೀಯೇನು?"

ಬಾಬಾಜಾನ ಜಾಲರಿ ಬಿಟ್ಟ. ಮುಖಕ್ಕೆ ಎರಡೂ ಅಂಗೈ ಒತ್ತಿಕೊಂಡ. ಪೇದೆ ವೇಳೆ ಮುಗಿಯಿತೆಂದು ಕೂಗಿದ.

"ನಾ ಸುಳ್ಳ ಸಹಿ ಮಾಡೀನಿ," ಎಂದಳು ಕಾಂತಾ. "ಅದನ್ನ ಹೊತಗೊಂಡ ಹೆಂಗ ಇರಲಿ?"

"ನಿಮ್ಮ ಮನಸ್ಸ ಹಗರ ಆಗ್ಲಿ ಅಂತ ಇನ್ನೊಂದ ಮನಿ ಮುರೀಬ್ಯಾಡ್ರಿ," ಎಂದ ಬಾಬಾಜಾನ. ಪೇದೆ ಅವನ ಹೆಗಲ ಮೇಲೆ ಕೈಯಿಟ್ಟು ಒಳಗೆ ಕರೆದೊಯ್ದ.

* * *

ಜೈಲಿನ ಎದುರಿನ ಬಸ್ ನಿಲ್ದಾಣದಲ್ಲಿ ಕಾಂತಾ ಎರಡು ಬಸ್ಸು ಬಿಟ್ಟಳು.

ಅವನು ಹೇಳಿದ್ದು ಸುಳ್ಳಾಗಿರಲಿಲ್ಲ. ಬ್ಯಾಗಿನಲ್ಲಿದ್ದ ಪತ್ರ ತನ್ನ ಎದೆಯ ಭಾರಕ್ಕೋ, ಬಾಬಾಜಾನನ ಬಿಡುಗಡೆಗೋ? ಪ್ರಾಮಾಣಿಕವಾಗಿ ಯೋಚಿಸಿದರೆ ಎರಡನ್ನೂ ಬೇರೆ ಮಾಡಲು ಅವಳಿಗೆ ಆಗಲಿಲ್ಲ. ಬಾಬಾಜಾನ ತನ್ನ ಇಷ್ಟದಿಂದ ಒಳಗಿದ್ದ. ತಸ್ಲೀಮಾಳನ್ನು ಮಾತ್ರ ಯಾರೂ ಕೇಳಿರಲಿಲ್ಲ.

ಮೂರನೆಯ ಬಸ್ಸು ಹತ್ತಿದಳು.

ತನಿಖೆ ನಡೆಸಿದ ಇನ್ಸ್‌ಪೆಕ್ಟರ್ ಪೂರ್ಣಿಮಾ ಅಂದು ಇನ್ನೊಂದು ಕೇಸಿನ ಸಾಕ್ಷಿಗಾಗಿ ಬೆಳಗಾವಿಯ ಕೋರ್ಟಿಗೆ ಬಂದಿದ್ದಳು. ಕೋರ್ಟಿನ ಆವರಣದ ಬೇವಿನ ಮರದ ಕೆಳಗೆ ನಿಂತೇ ಪತ್ರ ಓದಿದಳು. ಫೋಟೋ ನೋಡಿದಳು. ಮತ್ತೊಮ್ಮೆ ಪತ್ರ ಓದಿದಳು.

"ಮ್ಯಾಡಮ್, ಇದನ್ನ ನಾ ತಗೊಂಡ್ರ ಮೊದಲ ಪ್ರಶ್ನೆ ನಿಮಗ ಬರ್ತದ. ಮುಟ್ಟದ ಮುಟ್ಟೀನಿ ಅಂತ ಬರದೀರಿ. ನಿಮ್ಮ ಮ್ಯಾಲೂ ಕ್ರಮ ಆಗಬಹುದು. ಪಿಂಚಣಿ ಹೋಗಬಹುದು."

"ಆಗಲಿ."

"ಎರಡ ತಿಂಗಳ ಹಳೆ ಪೆಟ್ಟು ಅಂತ ಬ್ಯಾರೆ ಡಾಕ್ಟರೂ ಹೇಳತಾರೇನು?"

"ಈ ಫೋಟೋ ನೋಡಿದ ಯಾವ ಪಶುವೈದ್ಯರೂ ಹೇಳತಾರ. ಮೂರ ದಿನದಾಗ ಸ್ನಾಯು ಹಿಂಗ ಒಣಗೂದಿಲ್ಲ."

ಪೂರ್ಣಿಮಾ ಪತ್ರವನ್ನು ಮಡಚಿ ಫೈಲಿನೊಳಗಿಟ್ಟಳು. ಅವಳ ಮುಖವೂ ಕಳೆಗುಂದಿತ್ತು. "ನಾನೂ ಅಲ್ಲೇ ಇದ್ದೆ, ಮ್ಯಾಡಮ್. ನೀವು ಮುಟ್ಟಲಿಲ್ಲ ಅನ್ನೋದನ್ನ ನೋಡೀನಿ. ನಿಮಗ ನೋಡಿದ್ರ ತಿಳೀತದ ಅನಕೊಂಡೆ." ಜೀಪಿನ ಕಡೆ ಹೊರಟವಳು ತಿರುಗಿದಳು. "ಸುಲ್ತಾನ ಅಲ್ಲಂದ್ರ ಮೋತಿ. ಮೋತಿನ್ನ ಹೊಡ್ಯಾಕ ಯಾರ್ಯಾರು ಬರತಿದ್ರು ಅಂತ ಕೇಳೂಣು. ಇವತ್ತ ಸಂಜಿ ಒಳಗ ತಿಳೀತದ."

* * *

ಶಿವಬಸವ ನಗರದ ತನ್ನ ಮನೆಗೆ ಕಾಂತಾ ಬಂದಾಗ ಐದು ಗಂಟೆ. ಗೇಟು ತೆರೆದಿತ್ತು. ಮೆಟ್ಟಿಲ ಮೇಲೆ ಗಂಗಾದೇವಿ ಕೂತಿದ್ದಳು. ಕಾಲಿನ ಪಕ್ಕದಲ್ಲಿ ಒಂದು ಕೈಚೀಲ. ಖಾನಾಪುರದಿಂದ ಒಬ್ಬಳೇ ಬಸ್ಸು ಹತ್ತಿ, ವಿಳಾಸ ಕೇಳುತ್ತ ಬಂದಿದ್ದಳು.

"ಆ ಕಾಗದ ಕೊಟ್ರೇನ್ರಿ ಅಕ್ಕಾರ?"

"ಕೊಟ್ಟೆ. ಮಧ್ಯಾಹ್ನನ ಕೊಟ್ಟೆ."

ಏಳಲು ಹೋದ ಗಂಗಾದೇವಿ ಮತ್ತೆ ಕೂತುಬಿಟ್ಟಳು. ಕಾಂತಾ ಬಾಗಿಲು ತೆಗೆಯುತ್ತೇನೆ, ಒಳಗೆ ಬನ್ನಿ ಎಂದಳು. ಅವಳು ತಲೆ ಅಲ್ಲಾಡಿಸಿದಳು.

"ನಿನ್ನೆ ನೀವು ಕುದುರಿ ಬಗ್ಗೆ ಅಷ್ಟ ಕೇಳಿದ್ರಿ. ಹೊಡೀತಿದ್ದಾಂವ ಯಾರಂತ ಕೇಳಲಿಲ್ಲ."

ಕಾಂತಾ ಅವಳ ಪಕ್ಕದಲ್ಲಿ, ಅದೇ ಮೆಟ್ಟಿಲ ಮೇಲೆ ಕೂತಳು. ಕೇಳಲು ಬಾಯಿ ತೆರೆಯುವ ಮೊದಲೇ ಅವಳಿಗೆ ಬಾಗಿಲಿಗೆ ಆತು ನಿಂತ ಹುಡುಗ, ಶುರುವಾದ ಬೈಕು, 'ಅವರ ಮನ್ಯಾಗ ಬ್ಯಾಡ ಅಂದಿದ್ರು' ಎಂಬ ಮಾತು ಎಲ್ಲ ಒಟ್ಟಿಗೆ ನೆನಪಾಯಿತು.

"ನಿಮಗ ಗೊತ್ತಿತ್ತೇನು?"

"ಲಗಾಮ ಹಿಡದಾವನ್ನ ಹಡದಾಕಿ ನಾನು," ಎಂದಳು ಗಂಗಾದೇವಿ. "ನನಗ ಗೊತ್ತಿಲ್ಲಂದ್ರ ಯಾರಿಗೆ ಗೊತ್ತಿರತೈತ್ರಿ?"

ಬೀದಿಯಲ್ಲಿ ತರಕಾರಿ ಗಾಡಿಯವನು ಕೂಗುತ್ತ ಹೋದ.

"ನಾಕ ತಿಂಗಳಾತು, ಗಂಗಕ್ಕ. ಆ ಮನಷ್ಯಾ ಒಳಗದಾನ."

"ದಿನಾ ನೆನಪಾಕ್ಕೈತ್ರಿ. ಉಣ್ಣಾಕ ಕುಂತ್ರ ನೆನಪಾಕ್ಕೈತಿ. ಗಂಡ ಹೋದ, ಮಗನ್ನೂ ಕೊಡಾಕ ಮನಸ್ಸ ಬರಲಿಲ್ಲ. ನಿಮ್ಮ ಕಾಗದ ಬಂದಾಗ ದೇವರ ಕೊಟ್ಟದ್ದು ಅಂತ ಹಿಡಕೊಂಡೆ."

ಕಾಂತಾಳ ಬ್ಯಾಗಿನಲ್ಲಿ ಮೊಬೈಲು ಬಡಿದುಕೊಂಡಿತು. ತೆಗೆದು ನೋಡಿದಳು: ಇನ್ಸ್‌ಪೆಕ್ಟರ್ ಪೂರ್ಣಿಮಾ. ಗಂಗಾದೇವಿಯೂ ಆ ಹೆಸರು ನೋಡಿದಳು.

"ಎತ್ತಬ್ಯಾಡ್ರಿ," ಎಂದಳು ಗಂಗಾದೇವಿ. "ಆಕಾಶನ್ನ ಹಿಡದಿರಬೇಕು, ಅದನ್ನ ಹೇಳಾಕ ಫೋನ ಮಾಡಾಕ ಹತ್ಯಾರ. ಅಂವ ಅಪ್ಪನ್ನ ನಾನ ಕೊಂದೆ ಅಂತ ಒಪ್ಪಕೊಂಡ ಬಿಟ್ಟಿರತಾನ. ಅಂವಗ ಅಷ್ಟ ಗೊತ್ತು. ಮಂಜಿನ್ಯಾಗ ಅಪ್ಪ ಒಮ್ಮಿಗಲೇ ಗಾಡಿ ಮುಂದ ಬಂದಾ ಅನ್ನೋದಷ್ಟ ಅಂವ ನೋಡ್ಯಾನ."

"ಮತ್ತ?"

"ಅವರು ತಾವಾಗಿ ಬರಲಿಲ್ರಿ."

ಮೊಬೈಲು ನಿಂತು, ಮತ್ತೆ ಶುರುವಾಯಿತು. ಗಂಗಾದೇವಿ ಕಾಂತಾಳ ಮಣಿಕಟ್ಟು ಹಿಡಿದುಕೊಂಡಳು.

"ಗಾಡಿಗೆ ಮೊದಲ ಅಡ್ಡ ಹೋದಾಕಿ ನಾನು. ಸಾಯಬೇಕಂತ ಹೋಗಿ ನಿಂತಿದ್ದೆ. ಅವರು ಓಡಿ ಬಂದು ನನ್ನ ಬಾಜುಕ ದಬ್ಬಿ, ತಾವು ಗಾಡಿಗೆ ಸಿಕ್ಕಬಿದ್ರು. ಇದು ನನ್ನ ಮಗಗೂ ಗೊತ್ತಿಲ್ಲ, ಬಾಬಾಜಾನಗೂ ಗೊತ್ತಿಲ್ಲ. ಯಾಕ ನಿಂತಿದ್ದೆ ಅನ್ನೋದು ಹೋದಾವರಿಗೆ ಒಬ್ಬರಿಗೆ ಗೊತ್ತಿತ್ತು."